ನನಗಿಂತ ಮೊದಲು ಆ ಮಾತ್ರೆ ನುಂಗಿದವರು

ಕಂಡಕ್ಟರ್ ಚೀಲ ಎಡಪಕ್ಕೆಗೆ ತಾಗಿದರೆ ನೋಯುತ್ತದೆ ಅಂತ ನನಗೆ ಮೊದಲು ಗೊತ್ತಾಗಿದ್ದು ದೇವಿಮನೆ ಘಟ್ಟದ ಒಂದು ತಿರುವಿನಲ್ಲಿ. 2014ರ ಮಳೆಗಾಲ ಮುಗಿಯುತ್ತಾ ಬಂದಿತ್ತು. ಕುಮಟಾ–ಶಿರಸಿ ಬಸ್ಸಿನಲ್ಲಿ ಹದಿನಾಲ್ಕು ವರ್ಷದಿಂದ ಅದೇ ಚೀಲ, ಅದೇ ತಿರುವು. ಯಾವತ್ತೂ ನೋಯದ್ದು ಆವತ್ತು ನೋಯಿತು. ಒಳಗೆ ಏನೋ ಗಟ್ಟಿಯಾದದ್ದು ಕೂತಿದೆ ಅನ್ನಿಸಿತು.

ಊಟವೂ ಸೇರುತ್ತಿರಲಿಲ್ಲ. ಅರ್ಧ ತಟ್ಟೆ ಅನ್ನಕ್ಕೇ ಹೊಟ್ಟೆ ಬಿಗಿ. ಬಂಗಡೆ ಸಾರು ಮಾಡಿದ ದಿನವೂ ಎರಡನೇ ಸಲ ಅನ್ನ ಕೇಳುತ್ತಿರಲಿಲ್ಲ. ರಾತ್ರಿ ಬನಿಯನ್ ಒದ್ದೆಯಾಗುವಷ್ಟು ಬೆವರು. ಒಬ್ಬ ಡಾಕ್ಟರು ಗ್ಯಾಸ್ಟ್ರಿಕ್ ಅಂತ ಎರಡು ತಿಂಗಳು ಮಾತ್ರೆ ಕೊಟ್ಟರು. ನಾನೂ ಅದನ್ನೇ ನಂಬಿದೆ. ಕತಗಾಲದಲ್ಲಿ ಸೊಪ್ಪಿನ ಬುಟ್ಟಿ ಹೊತ್ತು ಹತ್ತುವ ಅಜ್ಜಿಯೊಬ್ಬಳು ಟಿಕೆಟ್ ತಗೊಳ್ಳುತ್ತಾ ನನ್ನ ಮುಖ ನೋಡಿದಳು. "ಎಂತಾ ತಮಾ, ಇಷ್ಟು ಸೊರಗಿದ್ಯಲೋ? ರಕ್ತ ತೋರ್ಸು ಒಂದ್ಸಲ" ಅಂದಳು. ಅವಳ ಮಾತಿಗೇ ಮರುದಿನ ರಜೆ ಹಾಕಿ ಲ್ಯಾಬಿಗೆ ಹೋದೆ.

ಸಂಜೆ ಲ್ಯಾಬಿನ ಹುಡುಗ ಫೋನ್ ಮಾಡಿದ. "ಅಣ್ಣ, ಇನ್ನೊಂದ್ಸಲ ರಕ್ತ ಕೊಡ್ಬೇಕು. ಯಂತ್ರ ತಪ್ಪು ತೋರಿಸ್ತಾ ಇದೆ ಅನ್ಸುತ್ತೆ." ಯಂತ್ರ ತಪ್ಪು ತೋರಿಸುತ್ತಿರಲಿಲ್ಲ. ಬಿಳಿ ರಕ್ತಕಣ ನಾಲ್ಕು ಸಾವಿರದಿಂದ ಹನ್ನೊಂದು ಸಾವಿರದ ಒಳಗೆ ಇರಬೇಕು. ನನಗೆ 1,86,000 ಇತ್ತು.

ಇಂಥದ್ದಕ್ಕೆ ನಮ್ಮ ಜಿಲ್ಲೆಯವರು ಹೋಗುವುದು ಮಂಗಳೂರು, ಮಣಿಪಾಲ, ಹುಬ್ಬಳ್ಳಿ ಇಲ್ಲವೇ ಗೋವಾಕ್ಕೆ. ನಾನು ಮಂಗಳೂರಿಗೆ ಹೋದೆ. ರೈಲಿನಲ್ಲಿ ನಾನೂ ಹೆಂಡತಿಯೂ ಮಾತೇ ಆಡಲಿಲ್ಲ. ಹೊನ್ನಾವರದ ಹತ್ತಿರ ಶರಾವತಿ ಸೇತುವೆ ಬಂದಾಗ ಮಾತ್ರ ಅವಳು ಕೈಮುಗಿದಳು.

ಡಾಕ್ಟರು ಎಡ ಪಕ್ಕೆಲುಬಿನ ಕೆಳಗೆ ಬೆರಳಿಟ್ಟು ಒತ್ತಿ ನೋಡಿದರು. ಗುಲ್ಮ, ಅಂದರೆ ಸ್ಪ್ಲೀನ್, ದೊಡ್ಡದಾಗಿ ಕೆಳಗೆ ಇಳಿದಿದೆ ಅಂದರು. ಚೀಲ ತಾಗುತ್ತಿದ್ದದ್ದು ಅದಕ್ಕೆ. ಮರುದಿನ ಮಗ್ಗುಲಾಗಿ ಮಲಗಿಸಿ ಸೊಂಟದ ಹಿಂದಿನ ಎಲುಬಿಗೆ ಸೂಜಿ ಹಾಕಿ ಮಜ್ಜೆ ತೆಗೆದರು. ಚರ್ಮ ಮರಗಟ್ಟಿಸಿದ್ದರೂ ಒಳಗಿಂದ ಎಳೆಯುವಾಗ ಕಾಲಿನ ಬೆರಳತನಕ ಸೆಳೆತ ಬಂತು. ಹತ್ತೆಣಿಸುವಷ್ಟರಲ್ಲಿ ಮುಗಿಯಿತು. ವರದಿ ಬರಲು ಹತ್ತು ದಿನ. ಆ ಹತ್ತು ದಿನ ಕಣಗಳ ಸಂಖ್ಯೆ ಇಳಿಸಲು ಬೇರೆ ಮಾತ್ರೆ ಕೊಟ್ಟಿದ್ದರು.

ಕಾಯಿಲೆಯ ಹೆಸರು ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯ. ರಕ್ತದ ಕ್ಯಾನ್ಸರ್. ಹೆಂಡತಿ ನನ್ನ ಅಂಗಿಯ ತೋಳು ಹಿಡಿದುಕೊಂಡಳು. "ಈಗ ಎಂತ ಮಾಡೂದು ಡಾಕ್ಟ್ರೇ?" ಅಂದಳು. ಡಾಕ್ಟರು ಕುರ್ಚಿ ಮುಂದೆ ಎಳೆದುಕೊಂಡು ಹೇಳಿದ್ದು ಇಂದಿಗೂ ಕಿವಿಯಲ್ಲಿದೆ. "ಹೆದರ್ಬೇಡಿ ಮಾರಾಯ್ರೆ. ಇಪ್ಪತ್ತು ವರ್ಷದ ಹಿಂದೆ ಬಂದಿದ್ರೆ ನಾನು ಹೀಗೆ ಹೇಳ್ತಿರ್ಲಿಲ್ಲ. ಈಗ ಇದಕ್ಕೆ ದಿನಕ್ಕೆ ಒಂದು ಮಾತ್ರೆ."

ಇಮಾಟಿನಿಬ್, 400 ಮಿಲಿಗ್ರಾಂ. ಊಟದ ಜೊತೆ, ದೊಡ್ಡ ಲೋಟ ನೀರಿನಲ್ಲಿ, ದಿನವೂ ಒಂದೇ ಹೊತ್ತಿಗೆ. ಚಕ್ಕೋತ ಹಣ್ಣು ತಿನ್ನಬಾರದು ಅಂದರು. ಅದರ ಜಾತಿಯ ಹಣ್ಣು ಮಾತ್ರೆಯ ಪ್ರಮಾಣವನ್ನು ರಕ್ತದಲ್ಲಿ ಏರುಪೇರು ಮಾಡುತ್ತದಂತೆ. ನಮ್ಮ ಹಿತ್ತಿಲಲ್ಲಿ ಚಕ್ಕೋತದ ಮರವೇ ಇದೆ. ಆ ವರ್ಷದಿಂದ ಅದರ ಹಣ್ಣೆಲ್ಲಾ ಪಕ್ಕದ ಮನೆಯವರಿಗೆ.

ಎರಡು ತಿಂಗಳಿಗೆ ಚೀಲ ಪಕ್ಕೆಗೆ ತಾಗಿದರೂ ನೋಯುವುದು ನಿಂತಿತು. ರಕ್ತಕಣಗಳ ಲೆಕ್ಕ ಸರಿಗೆ ಬಂತು. ಬೆಳಿಗ್ಗೆ ಎದ್ದಾಗ ಕಣ್ಣಿನ ಸುತ್ತ ಊತ, ರಾತ್ರಿ ಮೀನಖಂಡ ಹಿಡಿದುಕೊಳ್ಳುವುದು, ಇವೆರಡು ಮಾತ್ರ ವರ್ಷಗಟ್ಟಲೆ ಜೊತೆಗಿದ್ದವು. ಮೂರು ತಿಂಗಳಿಗೊಮ್ಮೆ ಮಂಗಳೂರಿಗೆ ಹೋಗಿ ನೇರಳೆ ಮುಚ್ಚಳದ ಟ್ಯೂಬಿನಲ್ಲಿ ರಕ್ತ ಕೊಡಬೇಕಿತ್ತು. ಬಿಸಿಆರ್-ಎಬಿಎಲ್ ಎಂಬ ಪರೀಕ್ಷೆ. ಕಾಯಿಲೆಯ ಗುರುತು ರಕ್ತದಲ್ಲಿ ಶೇಕಡಾ ಎಷ್ಟಿದೆ ಅಂತ ಅದು ಹೇಳುತ್ತದೆ. ಮೂರನೇ ತಿಂಗಳು 6, ಆರನೇ ತಿಂಗಳು 0.8, ವರ್ಷದ ಕೊನೆಗೆ 0.08. ಶೇ. 0.1ಕ್ಕಿಂತ ಕೆಳಗೆ ಬಂದರೆ ಒಳ್ಳೆ ಹಿಡಿತ ಅಂತ ಅರ್ಥ. ಆ ಕಾಗದವನ್ನು ಹೆಂಡತಿ ದೇವರ ಪಟದ ಹಿಂದೆ ಇಟ್ಟಳು.

ಇಷ್ಟಾದರೂ ಈ ಮಾತ್ರೆ ಎಲ್ಲಿಂದ ಬಂತು, ಯಾರು ಮಾಡಿದರು ಅಂತ ನಾನು ಕೇಳಿರಲಿಲ್ಲ. ಅದು ಗೊತ್ತಾಗಿದ್ದು 2019ರ ಆಗಸ್ಟ್ ನೆರೆಯಲ್ಲಿ.

ಆ ವಾರ ಅಘನಾಶಿನಿಯೂ ಗಂಗಾವಳಿಯೂ ಉಕ್ಕಿ ಹರಿದಿದ್ದವು. ಘಟ್ಟದ ಮೇಲೆ ಬಸ್ಸಿಲ್ಲ. ಮಗಳು ಆಗ ಬಿ.ಫಾರ್ಮ ಓದುತ್ತಿದ್ದಳು, ರಜೆಗೆ ಬಂದವಳು ಮನೆಯಲ್ಲೇ ಸಿಕ್ಕಿಕೊಂಡಳು. ಕರೆಂಟಿಲ್ಲ. ನನ್ನ ಮಾತ್ರೆಯ ಪಟ್ಟಿಯಲ್ಲಿ ಎರಡೇ ಉಳಿದಿದ್ದವು. ಔಷಧಿ ಅಂಗಡಿಗೆ ಹೊರಗಿನಿಂದ ತರಿಸಬೇಕು, ದಾರಿ ಬಂದ್. ನಾನು ಪಟ್ಟಿ ಹಿಡಿದು ಆಕಡೆ ಈಕಡೆ ತಿರುಗಿಸುತ್ತಾ ಕೂತಿದ್ದೆ. ಮಗಳು ಪಕ್ಕದಲ್ಲಿ ಬಂದು ಕೂತಳು. "ಅಪ್ಪಾ, ಇದರ ಕಥೆ ಗೊತ್ತಾ ನಿಂಗೆ?" ಅಂದಳು. ಚಿಮಣಿ ದೀಪದ ಬೆಳಕಿನಲ್ಲಿ ಸುಮಾರು ಹೊತ್ತು ಹೇಳಿದಳು.

1960ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಪೀಟರ್ ನೋವೆಲ್, ಡೇವಿಡ್ ಹಂಗರ್‌ಫೋರ್ಡ್ ಅಂತ ಇಬ್ಬರು ಇದೇ ಕಾಯಿಲೆಯವರ ರಕ್ತ ನೋಡುತ್ತಿದ್ದರು. ನೋವೆಲ್ ಕಣಗಳನ್ನು ನಲ್ಲಿ ನೀರಿನಲ್ಲಿ ತೊಳೆದರಂತೆ. ನೀರು ಹೀರಿ ಕಣ ಉಬ್ಬಿತು, ಒಳಗಿನ ಕ್ರೋಮೋಸೋಮುಗಳು, ಅಂದರೆ ಜೀನುಗಳು ಕೂತಿರುವ ದಾರದಂಥವು, ಬಿಡಿಬಿಡಿಯಾಗಿ ಕಂಡವು. ಅದರಲ್ಲಿ ಒಂದು ತೀರಾ ಗಿಡ್ಡ. ಯಾಕೆ ಗಿಡ್ಡ ಅಂತ ಗೊತ್ತಾಗಲು ಇನ್ನೂ ಹದಿಮೂರು ವರ್ಷ ಬೇಕಾಯಿತು. ಷಿಕಾಗೋದ ಜಾನೆಟ್ ರೌಲಿ ಎಂಬ ಡಾಕ್ಟರಮ್ಮ ಕ್ರೋಮೋಸೋಮುಗಳ ಫೋಟೋಗಳನ್ನು ಮನೆಯ ಊಟದ ಮೇಜಿನ ಮೇಲೆ ಕತ್ತರಿಯಲ್ಲಿ ಕತ್ತರಿಸಿ ಜೋಡಿಸಿ ನೋಡುತ್ತಿದ್ದರು. ಅಮ್ಮ ಕಾಗದದ ಗೊಂಬೆ ಆಡುತ್ತಾಳೆ ಅಂತ ಮಕ್ಕಳು ನಗುತ್ತಿದ್ದರಂತೆ. 22ನೇ ಕ್ರೋಮೋಸೋಮಿನ ತುದಿ 9ನೆಯದಕ್ಕೆ, 9ರ ತುದಿ 22ಕ್ಕೆ ಅದಲುಬದಲಾಗಿದೆ ಅಂತ ಆಕೆ 1973ರಲ್ಲಿ ತೋರಿಸಿಕೊಟ್ಟರು.

ಆ ಅದಲುಬದಲಿನಿಂದ ಎರಡು ಜೀನುಗಳು ಅಂಟಿಕೊಂಡು ಹೊಸದೊಂದು ಪ್ರೋಟೀನ್ ಹುಟ್ಟುತ್ತದೆ. ಅದು ಏನು ಮಾಡುತ್ತದೆ ಅಂತ ನನಗೆ ಅರ್ಥ ಮಾಡಿಸಲು ಮಗಳು ನನ್ನ ಸೀಟಿಯನ್ನೇ ಎತ್ತಿಕೊಂಡಳು. "ನೀನು ಹೊರಡು ಅಂತ ಸೀಟಿ ಊದಿದ್ರೆ ಬಸ್ ಹೊರಡುತ್ತೆ, ನಿಲ್ಲು ಅಂತ ಊದಿದ್ರೆ ನಿಲ್ಲುತ್ತೆ ಅಲ್ವಾ? ಈ ಪ್ರೋಟೀನ್ ಹೊರಡು ಹೊರಡು ಅಂತ ಒಂದೇ ಸಮ ಊದ್ತಾನೇ ಇರುತ್ತೆ. ರಕ್ತಕಣ ನಿಲ್ಲದೆ ಹುಟ್ಟುತ್ತವೆ. ಈ ಮಾತ್ರೆ ಹೋಗಿ ಸೀಟಿಯ ಬಾಯಿಯಲ್ಲೇ ಕೂತ್ಕೊಳ್ಳುತ್ತೆ. ಗಾಳಿ ಹೋಗೋಕೆ ಜಾಗ ಇಲ್ಲ." ಮೈಯಲ್ಲಿ ಬೇರೆ ಸೀಟಿಗಳೂ ಇವೆ. ಅವನ್ನೆಲ್ಲ ಮುಚ್ಚದೆ ಹೆಚ್ಚಾಗಿ ಇದೊಂದನ್ನೇ ಮುಚ್ಚುವ ವಸ್ತು ಹುಡುಕುವುದೇ ದೊಡ್ಡ ಕೆಲಸವಾಗಿತ್ತಂತೆ.

ಆಮೇಲೆ ಅವಳು ಹೇಳಿದ್ದು ನನ್ನನ್ನು ಅಲ್ಲಾಡಿಸಿಬಿಟ್ಟಿತು.

1998ರ ಜೂನ್‌ನಲ್ಲಿ ಮೊದಲ ಸಲ ಈ ಔಷಧಿಯನ್ನು ಮನುಷ್ಯರಿಗೆ ಕೊಟ್ಟರು. ಓರೆಗಾನ್ ರಾಜ್ಯದ ಬ್ರಯಾನ್ ಡ್ರೂಕರ್ ಎಂಬ ಡಾಕ್ಟರು ಅದರ ಬೆನ್ನುಹತ್ತಿದವರು. ಈ ಕಾಯಿಲೆಯವರ ಸಂಖ್ಯೆ ಕಡಿಮೆ, ಔಷಧಿ ಮಾಡಿದರೆ ಗಿಟ್ಟುತ್ತದಾ ಅಂತ ಕಂಪನಿಯಲ್ಲೇ ಅನುಮಾನ ಇತ್ತು. ಆ ಪ್ರಯೋಗಕ್ಕೆ ಸೇರಿದವರೆಲ್ಲಾ ಆಗಿನ ಚಿಕಿತ್ಸೆಯಾಗಿದ್ದ ಇಂಟರ್‌ಫೆರಾನ್ ಇಂಜೆಕ್ಷನ್ ಕೈಕೊಟ್ಟ ರೋಗಿಗಳು. ಮೊದಲಿಗೆ ಕೊಟ್ಟಿದ್ದು ಬರೀ 25 ಮಿಲಿಗ್ರಾಂ. ನಾನು ನುಂಗುವುದು 400.

"ಅಷ್ಟು ಕಡಿಮೆ ಯಾಕೆ?" ಅಂತ ಕೇಳಿದೆ.

"ಮೊದಲ ಹಂತ ಇರೋದು ಗುಣ ಆಗ್ತದಾ ಅಂತ ನೋಡೋಕಲ್ಲ ಅಪ್ಪಾ. ತೊಂದರೆ ಆಗ್ತದಾ ಅಂತ ನೋಡೋಕೆ. ಸ್ವಲ್ಪ ಜನಕ್ಕೆ ಸ್ವಲ್ಪ ಕೊಡ್ತಾರೆ. ಏನೂ ಆಗದಿದ್ರೆ ಮುಂದಿನವರಿಗೆ ಸ್ವಲ್ಪ ಜಾಸ್ತಿ."

ಹಾಗೆ ಏರಿಸುತ್ತಾ 1,000 ಮಿಲಿಗ್ರಾಂತನಕ ಹೋದರು. 300 ಮತ್ತು ಅದಕ್ಕಿಂತ ಜಾಸ್ತಿ ತೆಗೆದುಕೊಂಡ 54 ಜನರಲ್ಲಿ 53 ಜನರ ರಕ್ತಕಣಗಳ ಲೆಕ್ಕ ಸರಿಹೋಯಿತು. 53! ಮಗಳು ಆ ಸಂಖ್ಯೆ ಹೇಳುವಾಗ ಅವಳ ದನಿ ನಡುಗಿತು. ನನಗೆ ಮಾತ್ರ ಆ 25 ಮಿಲಿಗ್ರಾಂನವರ ಮೇಲೇ ಮನಸ್ಸು. ಅಷ್ಟು ಚೂರಿನಿಂದ ಕಾಯಿಲೆ ಜಗ್ಗುವುದಿಲ್ಲ. ಅದು ಕೆಲಸಕ್ಕೆ ಬರುವ ಔಷಧಿ ಹೌದೋ ಅಲ್ಲವೋ ಅಂತ ಯಾರಿಗೂ ಗೊತ್ತಿಲ್ಲದ ದಿನ ಅವರು ಬಂದು ಕೂತು ನುಂಗಿದರು. ಅವರು ನುಂಗಿ ಸುರಕ್ಷಿತ ಅಂತ ತೋರಿಸಿದ್ದಕ್ಕೇ ಮುಂದಿನವರಿಗೆ 50 ಕೊಟ್ಟಿದ್ದು. ಆ ಮೆಟ್ಟಿಲು ಹತ್ತಿ ಹತ್ತಿ ನನ್ನ 400 ಬಂದಿದ್ದು. ಅವರ ಹೆಸರು ನನಗೆ ಗೊತ್ತಿಲ್ಲ. ಆವತ್ತು ರಾತ್ರಿ ಮಾತ್ರೆ ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

ಆಮೇಲಿನದು ಬೇಗ ಬೇಗ ಆಯಿತು. 2001ರ ಮೇ ತಿಂಗಳಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. 16 ದೇಶಗಳ 1,106 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಪಾಲು ಮಾಡಿ, ಒಂದು ಪಾಲಿಗೆ ಹಳೆ ಚಿಕಿತ್ಸೆ, ಇನ್ನೊಂದಕ್ಕೆ ಈ ಮಾತ್ರೆ ಕೊಟ್ಟು ಹೋಲಿಸಿದರು. ಮಾತ್ರೆಯ ಪಾಲಿನವರು ಎಷ್ಟು ಚೆನ್ನಾಗಿದ್ದರೆಂದರೆ ಇನ್ನೊಂದು ಪಾಲಿನ ಹೆಚ್ಚಿನವರೂ ಇತ್ತ ಬಂದುಬಿಟ್ಟರು. ಮಾತ್ರೆಯಿಂದ ಶುರುಮಾಡಿದ ನೂರರಲ್ಲಿ 83 ಜನ ಹತ್ತು ವರ್ಷದ ನಂತರವೂ ಬದುಕಿದ್ದರು.

ಬೆಲೆಯ ಕಥೆ ಬೇರೆ. ಮೂಲ ಕಂಪನಿ ನೋವಾರ್ಟಿಸ್‌ನ ಮಾತ್ರೆಗೆ ನಮ್ಮ ದೇಶದಲ್ಲಿ ತಿಂಗಳಿಗೆ ಲಕ್ಷ ರೂಪಾಯಿಗೂ ಮೇಲೆ ಇತ್ತು. ನಮ್ಮ ಕಂಪನಿಗಳು ಮಾಡುತ್ತಿದ್ದುದಕ್ಕೆ ಹತ್ತು ಸಾವಿರದ ಆಸುಪಾಸು. ಪೇಟೆಂಟ್ ಬೇಕು ಅಂತ ನೋವಾರ್ಟಿಸ್ ಹಾಕಿದ ಕೇಸನ್ನು ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 1ರಂದು ತಳ್ಳಿಹಾಕಿತು. ಬಡವರಿಗೆ ಉಚಿತವಾಗಿ ಕೊಡುವ ಯೋಜನೆಯನ್ನೂ ಆ ಕಂಪನಿ ನಡೆಸುತ್ತಿತ್ತು, ಅದನ್ನೂ ಹೇಳಬೇಕು. ಆದರೆ ನಾನು ಕಾಯಿಲೆ ಬಿದ್ದಿದ್ದು ಆ ತೀರ್ಪಿನ ಮರುವರ್ಷ. ಕಂಡಕ್ಟರ್ ಸಂಬಳದಲ್ಲಿ ನಾನು ಮಾತ್ರೆ ತಗೊಳ್ಳಲು ಆಗಿದ್ದಕ್ಕೆ ಆ ತೀರ್ಪೂ ಒಂದು ಕಾರಣ ಅಂತ ನಂಬಿದ್ದೇನೆ.

ನೆರೆಯಲ್ಲಿ ಎರಡು ದಿನ ಮಾತ್ರೆ ತಪ್ಪಿತು. ಮೂರನೇ ದಿನ ಸಿಕ್ಕಿತು. ಬಿಟ್ಟದ್ದಕ್ಕೆ ಸೇರಿಸಿ ಎರಡೆರಡು ನುಂಗಬೇಡಿ ಅಂತ ಡಾಕ್ಟರು ಫೋನಿನಲ್ಲೇ ಹೇಳಿದರು.

ಬಸ್ಸಿನಲ್ಲಿ ಜನ ಒಂದೊಂದು ಸಲ ಹೇಳುವುದು ಕೇಳಿದ್ದೇನೆ, ನಮ್ಮ ಮೇಲೆ ಪ್ರಯೋಗ ಮಾಡ್ತಾರೆ ಅಂತ. ಅವರ ಹೆದರಿಕೆಯನ್ನು ನಾನು ಹಗುರ ಮಾಡುವುದಿಲ್ಲ. ಆದರೆ ನಮ್ಮ ಘಟ್ಟದ್ದೇ ಕಾಯಿಲೆ ನೋಡಿ, ಮಂಗನ ಕಾಯಿಲೆ. ಸೊರಬದ ಕ್ಯಾಸನೂರು ಕಾಡಿನಲ್ಲಿ ಅದನ್ನು ಗುರುತಿಸಿದ್ದು 1957ರಲ್ಲಿ. ಸಿದ್ದಾಪುರದ ಕಡೆ ಇಂದಿಗೂ ಜನ ಸಾಯುತ್ತಾರೆ. ಆ ವೈರಸ್ಸಿಗೇ ಅಂತ ಒಂದು ಔಷಧಿ ಇಲ್ಲ. ಇದ್ದ ಲಸಿಕೆ ಸಾಕಷ್ಟು ಕೆಲಸ ಮಾಡುತ್ತಿಲ್ಲ ಅಂತ ಈಚೆಗೆ ನಿಲ್ಲಿಸಿದ್ದಾರೆ, ಹೊಸದನ್ನು ಸಿದ್ಧ ಮಾಡುವ ಕೆಲಸ ನಡೆದಿದೆ. ಯಾವ ಹೊಸ ಲಸಿಕೆಯಾದರೂ ಮೊದಲು ಕೆಲವು ಜನರ ತೋಳಿಗೆ ಹೋಗಲೇಬೇಕು. ಆ ಜನ ಎಲ್ಲಿಯವರೇ ಆಗಲಿ, ನನಗೆ ಅವರು ಹತ್ತಿರದವರು ಅನ್ನಿಸುತ್ತದೆ.

2024ರ ಹೊತ್ತಿಗೆ ನನ್ನ ವರದಿಯಲ್ಲಿ ಕಾಯಿಲೆಯ ಗುರುತೇ ಸಿಗದೆ ಐದು ವರ್ಷ ಆಗಿತ್ತು. ಫೆಬ್ರವರಿಯಲ್ಲಿ ಡಾಕ್ಟರು ಕೇಳಿದರು, "ಮಾತ್ರೆ ನಿಲ್ಲಿಸಿ ನೋಡುವನಾ?"

ನನಗೆ ಎದೆ ಧಸಕ್ಕೆಂದಿತು. ಒಂಬತ್ತು ವರ್ಷ ಒಂದು ದಿನ ತಪ್ಪಿದರೆ ನಿದ್ದೆ ಬರುತ್ತಿರಲಿಲ್ಲ. ಅವರು ಕಾಗದದ ಮೇಲೆ ಲೆಕ್ಕ ಬರೆದು ತೋರಿಸಿದರು. ಫ್ರಾನ್ಸಿನಲ್ಲಿ ನನ್ನಂಥ 100 ಜನ ಹೀಗೆ ನಿಲ್ಲಿಸಿದ್ದರು. 61 ಜನರಿಗೆ ಗುರುತು ಮರಳಿ ಬಂತು, ಹೆಚ್ಚಿನವರಿಗೆ ಮೊದಲ ಆರೇಳು ತಿಂಗಳಲ್ಲೇ. ಉಳಿದವರಿಗೆ ಬರಲಿಲ್ಲ. ಬಂದವರು ಮತ್ತೆ ಮಾತ್ರೆ ಶುರುಮಾಡಿದರು, ಹೆಚ್ಚುಕಡಿಮೆ ಎಲ್ಲರಿಗೂ ಕಾಯಿಲೆ ಮತ್ತೆ ಹಿಡಿತಕ್ಕೆ ಸಿಕ್ಕಿತು. "ಈ ಕೊನೆ ಸಾಲು ಇಲ್ದಿದ್ರೆ ನಾನು ನಿಮ್ಮನ್ನ ಕೇಳ್ತಿರ್ಲಿಲ್ಲ" ಅಂದರು. ತಿಂಗಳು ತಿಂಗಳು ಬಂದು ರಕ್ತ ಕೊಡಬೇಕು, ಒಂದು ತಿಂಗಳೂ ತಪ್ಪಿಸಬಾರದು ಅನ್ನುವುದೊಂದೇ ಶರತ್ತು.

ಅದೇ ದಿನ ಇನ್ನೊಂದು ಕಾಗದವೂ ಬಂತು. ಪರೀಕ್ಷೆಗೆ ತೆಗೆದ ರಕ್ತದಲ್ಲಿ ಉಳಿದದ್ದನ್ನೂ ನನ್ನ ದಾಖಲೆಯನ್ನೂ ಸಂಶೋಧನೆಗೆ ಬಳಸಲು ಒಪ್ಪಿಗೆ ಪತ್ರ. ಕನ್ನಡದಲ್ಲೇ ಇತ್ತು, ಆದರೆ ಎರಡು ಮೂರು ಸಾಲು ಅರ್ಥವಾಗಲಿಲ್ಲ. ಅಲ್ಲಿದ್ದ ಹುಡುಗಿಯನ್ನು ಕೇಳಿದೆ. ಅವಳು ನನ್ನ ಪಕ್ಕದ ಕುರ್ಚಿಯಲ್ಲಿ ಕೂತು ಒಂದೊಂದೇ ಸಾಲು ಬಿಡಿಸಿ ಹೇಳಿದಳು. ನನ್ನ ಹೆಸರು ಇರುವುದಿಲ್ಲ, ಒಂದು ನಂಬರು ಇರುತ್ತದೆ. ಬೇಡ ಅಂದರೂ ಚಿಕಿತ್ಸೆ ಹೀಗೇ ನಡೆಯುತ್ತದೆ. ಇವತ್ತು ಒಪ್ಪಿ ನಾಳೆ ಬೇಡ ಅನ್ನಬಹುದು, ಕಾರಣ ಹೇಳಬೇಕಾಗಿಲ್ಲ. ಆಸ್ಪತ್ರೆಯ ನೈತಿಕ ಸಮಿತಿ ಇದನ್ನು ನೋಡಿ ಒಪ್ಪಿದೆ, ಅದರಲ್ಲಿ ಡಾಕ್ಟರಲ್ಲದ ಜನರೂ ಕಾನೂನು ತಿಳಿದವರೂ ಇರಬೇಕೆಂಬ ನಿಯಮ ಇದೆ. "ಮನೆಗೆ ತಗೊಂಡು ಹೋಗಿ ಓದಿ, ಅವಸರ ಇಲ್ಲ" ಅಂದಳು. ನಾನು ಮನೆಗೆ ಒಯ್ದು ಹೆಂಡತಿಗೆ ಓದಿ ಹೇಳಿ, ಮಗಳಿಗೆ ಫೋಟೋ ಕಳಿಸಿ, ಮಾರ್ಚ್‌ನಲ್ಲಿ ಸಹಿ ಹಾಕಿಕೊಟ್ಟೆ. ಅದೇ ತಿಂಗಳು ಮಾತ್ರೆ ನಿಲ್ಲಿಸಿದೆ.

ಮೊದಲ ವಾರ ಊಟಕ್ಕೆ ಕೂತಾಗಲೆಲ್ಲಾ ಕೈ ಮಾತ್ರೆಯ ಡಬ್ಬಿಯ ಕಡೆಗೇ ಹೋಗುತ್ತಿತ್ತು. ಕಣ್ಣಿನ ಊತ ಇಳಿಯಿತು, ಕನ್ನಡಿಯಲ್ಲಿ ಹಳೆಯ ಮುಖ ಕಂಡಿತು. ಆದರೆ ಮೂರು ವಾರಕ್ಕೆ ಹೆಗಲು, ಮೊಣಕಾಲು ಹಿಡಿದುಕೊಂಡವು. ಬಸ್ಸಿನ ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿಯಬೇಕಾಯಿತು. ಕಾಯಿಲೆ ಮರಳಿತೇ ಅಂತ ಹೆದರಿ ಫೋನ್ ಮಾಡಿದರೆ, ಮಾತ್ರೆ ಬಿಟ್ಟ ಕೆಲವರಿಗೆ ಹೀಗಾಗುತ್ತದೆ, ತಾನೇ ಹೋಗುತ್ತದೆ ಅಂದರು ಡಾಕ್ಟರು. ಹಿಂದೆ ಬಿಟ್ಟವರು ನೋವು ಅಂತ ಹೇಳಿ ಬರೆಸಿದ್ದಕ್ಕೇ ಅವರಿಗೆ ಅದು ಗೊತ್ತಿತ್ತು.

ಏಪ್ರಿಲ್‌ನಲ್ಲಿ ಗುರುತು ಸಿಗಲಿಲ್ಲ. ಮೇನಲ್ಲಿ 0.01. ಜೂನ್‌ನಲ್ಲಿ 0.06. ಹೆಂಡತಿ ವರದಿಯ ಸಂಖ್ಯೆಗಳನ್ನು ಕ್ಯಾಲೆಂಡರಿನ ಹಿಂದೆ ಬರೆಯುತ್ತಿದ್ದಳು. ಜೂನ್‌ನದ್ದು ಬರೆದ ಮೇಲೆ ಪೆನ್ನು ಹಿಡಿದೇ ನಿಂತಿದ್ದಳು.

ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿಯಿತು. ಅಂಕೋಲಾ ಕಡೆ ಹೋಗುವ ದಾರಿಯೇ ಮುಚ್ಚಿತು. ನಮ್ಮ ಡಿಪೋದಲ್ಲಿ ಎಲ್ಲರ ಕಣ್ಣೂ ಗಂಗಾವಳಿಯ ಮೇಲೆ, ಯಾರು ಸಿಕ್ಕರು, ಯಾರು ಸಿಗಲಿಲ್ಲ ಅಂತ. ಆ ವಾರವೇ ನನ್ನ ವರದಿ ಬಂತು. 0.4. ಅಷ್ಟು ಜನ ತಮ್ಮವರಿಗಾಗಿ ನದಿ ದಡದಲ್ಲಿ ಕಾಯುವಾಗ ನನ್ನ ಅಂಕೆ ಹಿಡಿದು ಅಳುವುದು ಸರಿ ಅನ್ನಿಸಲಿಲ್ಲ. ಆದರೂ ರಾತ್ರಿ ಹಿತ್ತಿಲಿಗೆ ಹೋಗಿ ಅತ್ತೆ.

ಡಾಕ್ಟರು ಅದೇ ದಿನ ಮಾತ್ರೆ ಶುರುಮಾಡಿಸಿದರು. 400 ಮಿಲಿಗ್ರಾಂ, ದೊಡ್ಡ ಲೋಟ ನೀರು. ಅಕ್ಟೋಬರ್‌ನಲ್ಲಿ 0.02. ಜನವರಿಯಲ್ಲಿ ಗುರುತು ಸಿಗಲಿಲ್ಲ. ಮೊಣಕಾಲು ನೋವೂ ಹೋಯಿತು. ಬೆಳಿಗ್ಗೆ ಕಣ್ಣಿನ ಊತ ಮತ್ತೆ ಬಂತು, ಈಗ ಅದರ ಮೇಲೆ ನನಗೆ ಬೇಜಾರಿಲ್ಲ.

ಜನವರಿಯ ವರದಿ ನೋಡಿ ಡಾಕ್ಟರು ಫೈಲು ಮುಚ್ಚುವಾಗ ಕೇಳಿದೆ, ಇನ್ನೊಂದು ಸಲ ಬಿಟ್ಟು ನೋಡಿದವರು ಇದ್ದಾರಾ ಅಂತ.

"ಇದ್ದಾರೆ. ಮೊದಲ ಸಲದಷ್ಟು ಜನ ಇಲ್ಲ. ಕೆಲವರಿಗೆ ಎರಡನೇ ಸಲ ನಿಂತಿದೆ. ಯಾರಿಗೆ ನಿಲ್ತದೆ, ಯಾರಿಗೆ ಇಲ್ಲ ಅಂತ ಇನ್ನೂ ನೋಡ್ತಾ ಇದ್ದಾರೆ. ಅದಕ್ಕೆ ಇನ್ನೂ ಕೆಲವು ವರ್ಷ ಗುರುತು ಸಿಗದೆ ಇರ್ಬೇಕು."

"ಅಷ್ಟು ವರ್ಷ ಆದ ಮೇಲೆ ನನ್ನನ್ನೂ ಬರ್ಕೊಳ್ಳಿ ಡಾಕ್ಟ್ರೇ" ಅಂದೆ.

ಅವರು ಫೈಲು ಮತ್ತೆ ತೆರೆದು ಮೂಲೆಯಲ್ಲಿ ಒಂದು ಸಾಲು ಬರೆದರು. ಹೆಂಡತಿ ಏನೂ ಅನ್ನಲಿಲ್ಲ. ಹೊರಗೆ ಬಂದ ಮೇಲೆ ಚೀಲದಿಂದ ನೀರಿನ ಬಾಟಲಿ ತೆಗೆದು ಕೊಟ್ಟಳು. ಮಾತ್ರೆಯ ಹೊತ್ತಾಗಿತ್ತು.